ಮಗುವಿನೊಂದಿಗೆ ಬೆಂಗಳೂರಿಗೆ ಬರುವವರಿಗೆ: ಕೈಗೆಟಕುವ ಬಾಡಿಗೆ ಮನೆ ಹುಡುಕುವ ದಾರಿ

ದಾವಣಗೆರೆಯಿಂದ ಬೆಂಗಳೂರಿಗೆ ನಾವು ಬಂದಾಗ ಮಗಳಿಗೆ ಮೂರೂವರೆ ವರ್ಷ. ಪತಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಹದಿನೈದು ದಿನಗಳಲ್ಲಿ ಸೇರಿಕೊಳ್ಳಬೇಕಿತ್ತು. ಆ ಅವಸರದಲ್ಲಿ ಒಂದು ಸಂಜೆ ಏಳು ಗಂಟೆಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮನೆಯೊಂದನ್ನು ನೋಡಿ, ಒಪ್ಪಿ, ಐದು ಸಾವಿರ ರೂಪಾಯಿ ಟೋಕನ್ ಕೊಟ್ಟುಬಿಟ್ಟೆವು. ಮರುದಿನ ಮಧ್ಯಾಹ್ನ ಮಂಚ ಹಿಡಿಸುತ್ತದೆಯೇ ಎಂದು ಅಳೆಯಲು ಟೇಪು ತೆಗೆದುಕೊಂಡು ಹೋದಾಗ ಅಡುಗೆಮನೆಯ ಕಿಟಕಿ ತೆರೆದೆ. ಕೈ ಚಾಚಿದರೆ ಪಕ್ಕದ ಮನೆಯ ಗೋಡೆ ಸಿಕ್ಕಿತು. ಹೊರಗೆ ಸುಡುಬಿಸಿಲು, ಒಳಗೆ ದೀಪ ಹಾಕದೆ ಟೇಪಿನ ಮೇಲಿನ ಅಂಕಿ ಕಾಣುತ್ತಿರಲಿಲ್ಲ. ಆ ಮನೆ ಬೇಡವೆಂದೆವು. ಟೋಕನ್ ಹಣ ವಾಪಸ್ ಬರಲಿಲ್ಲ.

ಆಮೇಲೆ ನಮಗಾಗಿ ಮತ್ತು ಊರಿನಿಂದ ಬಂದ ನೆಂಟರಿಷ್ಟರಿಗಾಗಿ ಬಹಳಷ್ಟು ಮನೆಗಳ ಮೆಟ್ಟಿಲು ಹತ್ತಿದ್ದೇನೆ. ಒಂದು ಮಾತು ನನಗೆ ಖಚಿತವಾಗಿದೆ. ಚಿಕ್ಕ ಮಕ್ಕಳಿರುವವರು ಬಾಡಿಗೆಯ ಮೊತ್ತ ಹಿಡಿದು ಹುಡುಕಲು ಹೊರಟರೆ ಮೋಸ ಹೋಗುತ್ತಾರೆ. ಮಗುವಿನ ಒಂದು ದಿನ ಹೇಗಿರುತ್ತದೆ, ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿಗೆ ಹೋಗಿ ಬರಬೇಕು ಎಂಬುದನ್ನು ಮೊದಲು ಬರೆದುಕೊಳ್ಳಿ. ಮನೆಯನ್ನು ಅದರ ಸುತ್ತ ಹುಡುಕಿ.

ಮೊದಲ ಹೆಜ್ಜೆ: ಎಲ್ಲರೂ ಒಟ್ಟಿಗೆ ಬರಬೇಡಿ

ಸಾಮಾನು ಕಟ್ಟಿಕೊಂಡು ಹೆಂಡತಿ ಮಕ್ಕಳೊಂದಿಗೆ ಬಂದು, ನೆಂಟರ ಮನೆಯಲ್ಲಿ ನಾಲ್ಕು ದಿನ ಉಳಿದು, ಐದನೆಯ ದಿನ ಮನೆ ಹಿಡಿಯುತ್ತೇವೆ ಎನ್ನುವ ಯೋಜನೆ ಬೇಡ. ಇನ್ನೊಬ್ಬರ ಮನೆಯಲ್ಲಿ ಮಗು ಅತ್ತ ಪ್ರತಿ ರಾತ್ರಿಯೂ ನೀವು ಇನ್ನೊಂದಿಷ್ಟು ಕೆಟ್ಟ ಮನೆಗೆ ಒಪ್ಪಿಕೊಳ್ಳುವ ಸ್ಥಿತಿಗೆ ಬರುತ್ತೀರಿ. ಕೆಲಸ ಸಿಕ್ಕವರು ಮೊದಲು ಒಬ್ಬರೇ ಬನ್ನಿ. ಪಿಜಿಯಲ್ಲೋ ಸ್ನೇಹಿತರ ಕೋಣೆಯಲ್ಲೋ ಒಂದು ತಿಂಗಳು ಇರಿ. ಪಿಜಿಗೆ ಕೊಡುವ ಹಣ ದಂಡವೆಂದು ಅನಿಸಬಹುದು. ಆದರೆ ತಪ್ಪು ಮನೆಯಿಂದ ಆರೇ ತಿಂಗಳಲ್ಲಿ ಹೊರಬಿದ್ದರೆ ಬಿಡುವಾಗ ಬಣ್ಣಕ್ಕೆಂದು ಮಾಲೀಕರು ಹಿಡಿಯುವ ಹಣ, ಲಾರಿ ಬಾಡಿಗೆ, ದಲ್ಲಾಳಿಯ ಕಮಿಷನ್ ಎಲ್ಲವೂ ಸೇರಿ ಅದರ ಹಲವು ಪಟ್ಟು ಆಗುತ್ತದೆ.

ಆ ತಿಂಗಳಲ್ಲಿ ಕೆಲಸದ ಜಾಗಕ್ಕೆ ಬೇರೆ ಬೇರೆ ದಿಕ್ಕಿನಿಂದ, ನಿಜವಾಗಿ ಹೋಗಿ ಬರುವ ಹೊತ್ತಿನಲ್ಲೇ ಓಡಾಡಿ ನೋಡಿ. ಭಾನುವಾರ ಇಪ್ಪತ್ತೈದು ನಿಮಿಷದ ದಾರಿ ಸೋಮವಾರ ಬೆಳಿಗ್ಗೆ ಒಂದೂಕಾಲು ಗಂಟೆ ಆಗುವ ಊರು ಇದು. ಇಬ್ಬರೂ ಒಪ್ಪಬೇಕಾದ ಎರಡು ಮೂರು ಮನೆಗಳು ಉಳಿದ ಮೇಲೆ ಪತ್ನಿಯನ್ನೂ ಮಗುವನ್ನೂ ಒಂದು ದಿನಕ್ಕೆ ಕರೆಸಿ. ದಿನವಿಡೀ ಮನೆಯಲ್ಲಿರುವವರು ನೋಡದ ಮನೆಗೆ ಮುಂಗಡ ಕೊಡಬೇಡಿ.

ಎರಡನೆಯ ಹೆಜ್ಜೆ: ಬಾಡಿಗೆಯಲ್ಲ, ತಿಂಗಳ ಒಟ್ಟು ಲೆಕ್ಕ

ನಮ್ಮ ಹಳೆಯ ನೋಟ್‌ಪುಸ್ತಕದಲ್ಲಿ ಎರಡು ಮನೆಗಳ ಲೆಕ್ಕ ಈಗಲೂ ಇದೆ. ಒಂದು ಮನೆ ಕಾರ್ಖಾನೆಗೆ ಹತ್ತಿರ: ಬಾಡಿಗೆ 16,000, ನೀರು ಮತ್ತು ನಿರ್ವಹಣೆಗೆ 1,000, ಓಡಾಟಕ್ಕೆ 1,500. ಶಾಲೆಗೆ ನಡೆದೇ ಹೋಗಬಹುದು. ಒಟ್ಟು 18,500. ಇನ್ನೊಂದು ದೂರ: ಬಾಡಿಗೆ 12,000, ಟ್ಯಾಂಕರ್ ನೀರಿನ ಪಾಲು 1,200, ಮೆಟ್ರೊ ಮತ್ತು ನಿಲ್ದಾಣದವರೆಗಿನ ಆಟೊ 4,200, ಶಾಲಾ ವ್ಯಾನ್ 2,000. ಒಟ್ಟು 19,400. ನಾಲ್ಕು ಸಾವಿರ ಅಗ್ಗವೆಂದು ಕಂಡ ಮನೆ ಒಂಬೈನೂರು ರೂಪಾಯಿ ದುಬಾರಿಯಾಗಿತ್ತು. ಅದರ ಮೇಲೆ ದಿನಕ್ಕೆ ಎರಡು ಗಂಟೆ ರಸ್ತೆಯಲ್ಲೇ ಕಳೆಯಬೇಕಿತ್ತು. ಆ ಎರಡು ಗಂಟೆ ಮಗಳು ಅಪ್ಪನ ಜೊತೆ ಎಚ್ಚರವಾಗಿರುವ ಎರಡು ಗಂಟೆ.

ನೀವೂ ಹೀಗೆಯೇ ಪ್ರತಿ ಮನೆಗೂ ಒಂದು ಪುಟ ಮಾಡಿ. ಬಾಡಿಗೆ, ನಿರ್ವಹಣಾ ಶುಲ್ಕ, ನೀರು, ವಿದ್ಯುತ್, ಓಡಾಟ, ಶಾಲೆಯ ವಾಹನ, ಪಾರ್ಕಿಂಗ್‌ಗೆ ಬೇರೆ ಹಣ ಕೇಳಿದರೆ ಅದು ಎಲ್ಲವನ್ನೂ ಬರೆಯಿರಿ. ಅಪಾರ್ಟ್‌ಮೆಂಟ್‌ಗಳಲ್ಲಿ ನಿರ್ವಹಣಾ ಶುಲ್ಕವನ್ನು ಮನೆಯ ಚದರಡಿ ಲೆಕ್ಕದಲ್ಲಿ ಹಾಕುವುದು ಸಾಮಾನ್ಯ. ಲಿಫ್ಟ್, ಜನರೇಟರ್, ಭದ್ರತಾ ಸಿಬ್ಬಂದಿ ಇದ್ದ ಹಾಗೆ ಅದು ಏರುತ್ತದೆ. ಬಾಡಿಗೆಯಲ್ಲೇ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ.

ಓಡಾಟದ ಲೆಕ್ಕದಲ್ಲಿ ಎರಡು ಸಂಗತಿ ನೆನಪಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಾಗಾಗಿ ಪತ್ನಿಯೂ ಕೆಲಸಕ್ಕೆ ಹೋಗುವವರಾದರೆ ನೇರ ಬಸ್ ಇರುವ ಬಡಾವಣೆಗೆ ಬೆಲೆ ಹೆಚ್ಚು. ಮೆಟ್ರೊ ದರ 2025ರ ಫೆಬ್ರವರಿಯಲ್ಲಿ ಏರಿ, ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನವೂ ಹೋಗುವವರಿಗೆ ಇದು ಸಣ್ಣ ಹಣವಲ್ಲ.

ಕೈಯಲ್ಲಿ ಎಷ್ಟಿರಬೇಕು ಎಂಬ ಲೆಕ್ಕವನ್ನೂ ಹಾಕಿ. 13,000 ಬಾಡಿಗೆಯ ಮನೆಗೆ ಆರು ತಿಂಗಳ ಅಡ್ವಾನ್ಸ್ ಎಂದರೆ 78,000. ಮೊದಲ ತಿಂಗಳ ಬಾಡಿಗೆ 13,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 13,000, ಸಾಮಾನು ಸಾಗಿಸಲು 12,000 ಎಂದಿಟ್ಟುಕೊಂಡರೆ 1,16,000 ರೂಪಾಯಿ ಒಂದೇ ವಾರದಲ್ಲಿ ಕೈಬಿಡುತ್ತದೆ. ಮಗುವಿಗೆ ಶಾಲೆಯ ಶುಲ್ಕವೂ ಅದೇ ತಿಂಗಳು ಬಂದರೆ ಸಾಲವೇ ಗತಿ. ಆದ್ದರಿಂದ ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಶಾಲೆಯಲ್ಲಿ ಮೊದಲೇ ವಿಚಾರಿಸಿ.

ಮೂರನೆಯ ಹೆಜ್ಜೆ: ದಿಕ್ಕು ಆರಿಸಿ

ಬೆಂಗಳೂರಿನಲ್ಲಿ ಅಗ್ಗದ ಪ್ರದೇಶ ಯಾವುದು ಎಂಬ ಪ್ರಶ್ನೆಗೆ ಉತ್ತರವಿಲ್ಲ. ನಿಮ್ಮ ಕೆಲಸದ ಜಾಗಕ್ಕೆ ಒಂದೇ ವಾಹನದಲ್ಲಿ ಮುಟ್ಟುವ ಅಗ್ಗದ ಪ್ರದೇಶ ಯಾವುದು ಎಂದು ಕೇಳಿಕೊಳ್ಳಿ. ಮೆಟ್ರೊ ಮಾರ್ಗಗಳ ತುದಿಯ ನಿಲ್ದಾಣಗಳ ಸುತ್ತ ಮಧ್ಯಮ ಸಂಬಳದವರಿಗೆ ಮನೆಗಳು ಇನ್ನೂ ಸಿಗುತ್ತವೆ. ಹಸಿರು ಮಾರ್ಗದ ಉತ್ತರ ತುದಿಯಲ್ಲಿ ದಾಸರಹಳ್ಳಿ, ಬಾಗಲಗುಂಟೆ, ನಾಗಸಂದ್ರ, ಮಾದಾವರದ ಕಡೆ. ದಕ್ಷಿಣ ತುದಿಯಲ್ಲಿ ದೊಡ್ಡಕಲ್ಲಸಂದ್ರ, ತಲಘಟ್ಟಪುರ. ನೇರಳೆ ಮಾರ್ಗದಲ್ಲಿ ಪಶ್ಚಿಮಕ್ಕೆ ಕೆಂಗೇರಿ ಮತ್ತು ಚಲ್ಲಘಟ್ಟ, ಪೂರ್ವಕ್ಕೆ ಕಾಡುಗೋಡಿ. ಎಲೆಕ್ಟ್ರಾನಿಕ್ ಸಿಟಿಯ ಕಡೆ ಕೆಲಸವಿರುವವರಿಗೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ದೊಡ್ಡ ಅನುಕೂಲ. ಬೊಮ್ಮಸಂದ್ರ, ಹೆಬ್ಬಗೋಡಿಯ ಸುತ್ತ ನೋಡಬಹುದು.

ನಿಲ್ದಾಣಕ್ಕೆ ಅಂಟಿಕೊಂಡ ಬೀದಿಯಲ್ಲಿ ಬಾಡಿಗೆ ಏರಿರುತ್ತದೆ. ಹದಿನೈದು ನಿಮಿಷ ನಡೆಯುವಷ್ಟು ಒಳಗೆ ಹೋಗಿ. ಆದರೆ ಆ ಹದಿನೈದು ನಿಮಿಷವನ್ನು ಮಗುವನ್ನು ಎತ್ತಿಕೊಂಡು, ಸಂಜೆ ಮಬ್ಬಾದ ಮೇಲೆ ಒಮ್ಮೆ ನಡೆದು ನೋಡಿ. ಬೀದಿದೀಪ, ನಾಯಿಗಳ ಗುಂಪು, ಪಾದಚಾರಿ ಮಾರ್ಗವೇ ಇಲ್ಲದ ತಿರುವು ಇವು ನಕ್ಷೆಯಲ್ಲಿ ಕಾಣುವುದಿಲ್ಲ.

ಅದೇ ನಡಿಗೆಯಲ್ಲಿ ಮಗುವಿನ ಪಟ್ಟಿಯನ್ನೂ ನೋಡಿಕೊಳ್ಳಿ. ಅಂಗನವಾಡಿ ಎಲ್ಲಿದೆ, ಶಾಲೆ ಎಲ್ಲಿದೆ, ಮಕ್ಕಳ ವೈದ್ಯರು ಸಂಜೆ ಎಷ್ಟು ಗಂಟೆಯವರೆಗೆ ಕೂರುತ್ತಾರೆ, ರಾತ್ರಿ ತೆರೆದಿರುವ ಔಷಧಿ ಅಂಗಡಿ ಯಾವುದು, ಉಯ್ಯಾಲೆ ಇರುವ ಉದ್ಯಾನ ಎಷ್ಟು ದೂರ. ಅಂಗನವಾಡಿಯ ಬಗ್ಗೆ ಅಸಡ್ಡೆ ಬೇಡ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಆಟ, ಪಾಠ, ಊಟ ಉಚಿತ. ನಮ್ಮ ಮಗಳು ಬೆಂಗಳೂರಿನ ಮೊದಲ ಗೆಳತಿಯರನ್ನು ಕಂಡುಕೊಂಡದ್ದು ಅಲ್ಲಿಯೇ.

ನಾಲ್ಕನೆಯ ಹೆಜ್ಜೆ: ಯಾವಾಗ ಹುಡುಕಬೇಕು

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಬದಲಾಯಿಸುವ ಕುಟುಂಬಗಳೆಲ್ಲ ಒಟ್ಟಿಗೆ ಮನೆ ಹುಡುಕುತ್ತವೆ. ಆಗ ಮಾಲೀಕರು ಹೇಳಿದ್ದೇ ಬೆಲೆ. ಆಷಾಢ ಬಂತೆಂದರೆ ಚಿತ್ರ ಬದಲಾಗುತ್ತದೆ. ಆ ತಿಂಗಳು ಹೊಸ ಮನೆಗೆ ಹಾಲು ಉಕ್ಕಿಸಲು ಹೆಚ್ಚಿನವರು ಒಪ್ಪುವುದಿಲ್ಲ. ಖಾಲಿ ಬಿದ್ದ ಮನೆಯ ಮಾಲೀಕರು ಒಂದು ತಿಂಗಳ ಬಾಡಿಗೆ ಕಳೆದುಕೊಳ್ಳುವ ಚಿಂತೆಯಲ್ಲಿರುತ್ತಾರೆ. ಪಿತೃಪಕ್ಷದಲ್ಲೂ ಧನುರ್ಮಾಸದಲ್ಲೂ ಹೀಗೆಯೇ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಚೌಕಾಸಿಗೆ ಅದೇ ಒಳ್ಳೆಯ ಕಾಲ. ಇದ್ದರೆ, ಆಷಾಢಕ್ಕೆ ಮುನ್ನ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿಟ್ಟು, ಸಾಮಾನನ್ನು ನಿಧಾನವಾಗಿ ತರುವ ದಾರಿಯೂ ಇದೆ. ನನ್ನ ತಂಗಿಯ ಮನೆಯವರು ಹಾಗೆ ಮಾಡಿಯೇ ಬಾಡಿಗೆಯಲ್ಲಿ ಸಾವಿರ ರೂಪಾಯಿ ಇಳಿಸಿಕೊಂಡರು.

ಶಾಲೆಯ ಪ್ರವೇಶ ಮಾತ್ರ ಮನೆಗಾಗಿ ಕಾಯುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಕೊಡಲು ಶುರುವಾಗುತ್ತದೆ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು ಎಲ್‌ಕೆಜಿಗೆ ಸೇರಿಸುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಐದನೆಯ ಹೆಜ್ಜೆ: ಹುಡುಕಾಟ

ಮೊಬೈಲ್ ಆ್ಯಪ್‌ಗಳು ಆ ಬಡಾವಣೆಯ ದರ ಹೇಗಿದೆ ಎಂದು ತಿಳಿಯಲು ಉಪಯುಕ್ತ. ಆದರೆ ಮಧ್ಯಮ ಬಾಡಿಗೆಯ ಒಳ್ಳೆಯ ಮನೆಗಳು ಆ್ಯಪ್‌ಗೆ ಬರುವ ಮೊದಲೇ ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡಿನಿಂದಲೇ ಹೋಗಿಬಿಡುತ್ತವೆ. ಶನಿವಾರ ಬೆಳಿಗ್ಗೆ ಬಡಾವಣೆಗೆ ಹೋಗಿ ಅಡ್ಡರಸ್ತೆ ಅಡ್ಡರಸ್ತೆಯಾಗಿ ನಡೆಯಿರಿ. ದಿನಸಿ ಅಂಗಡಿಯವರನ್ನು, ಇಸ್ತ್ರಿ ಮಾಡುವವರನ್ನು, ಹಾಲಿನ ಬೂತಿನವರನ್ನು ಕೇಳಿ. ಯಾವ ಮನೆಯವರು ಮುಂದಿನ ತಿಂಗಳು ಖಾಲಿ ಮಾಡುತ್ತಾರೆ ಎಂಬುದು ಅವರಿಗೆ ಬೋರ್ಡು ಬೀಳುವ ಮೊದಲೇ ಗೊತ್ತಿರುತ್ತದೆ. ನಾವು ಈಗಿರುವ ಮನೆ ಸಿಕ್ಕಿದ್ದು ಇಸ್ತ್ರಿ ಗಾಡಿಯವರ ಒಂದು ಮಾತಿನಿಂದ.

ಮೋಸದ ಬಗೆಯೂ ಗೊತ್ತಿರಲಿ. ಒಳ್ಳೆಯ ಫೋಟೊ, ನಂಬಲಾಗದಷ್ಟು ಕಡಿಮೆ ಬಾಡಿಗೆ, “ನಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಟೋಕನ್ ಕಳಿಸಿದರೆ ಗೇಟ್ ಪಾಸ್ ಕೊಡುತ್ತೇನೆ” ಎಂಬ ಮಾತು. ಇಲ್ಲವೇ “ಹಣ ವಾಪಸ್ ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎನ್ನುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಸಿಗುವ ಆಸೆ ಕಡಿಮೆ.

ಮನೆಯೊಳಗೆ ಕಾಲಿಟ್ಟು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಟೋಕನ್ ಕೊಡುವಾಗ, ಎಷ್ಟು ದಿನದೊಳಗೆ ಬೇಡವೆಂದರೆ ಹಣ ವಾಪಸ್ ಕೊಡುತ್ತಾರೆ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ನಾವು ಐದು ಸಾವಿರ ಕಳೆದುಕೊಂಡು ಕಲಿತದ್ದು ಇದು.

ಆರನೆಯ ಹೆಜ್ಜೆ: ಮನೆ ನೋಡುವುದು

ಇಲ್ಲಿ ಆತುರ ಬೇಡ. ಒಪ್ಪುವ ಮನೆಯನ್ನು ಎರಡು ಬಾರಿ ನೋಡಿ. ಒಮ್ಮೆ ಮಧ್ಯಾಹ್ನ, ಒಮ್ಮೆ ಬೆಳಿಗ್ಗೆ ಏಳರಿಂದ ಎಂಟರೊಳಗೆ. ಎಲ್ಲ ಮನೆಗಳಲ್ಲೂ ಒಟ್ಟಿಗೆ ನೀರು ಬಳಸುವ ಹೊತ್ತು ಅದು.

ನೀರಿನಿಂದ ಆರಂಭಿಸಿ. ಮಾಲೀಕರನ್ನು “ನೀರು ಇದೆಯೇ?” ಎಂದು ಕೇಳಿದರೆ ಇದೆ ಎಂದೇ ಹೇಳುತ್ತಾರೆ. ಹಾಗೆ ಕೇಳಬೇಡಿ. ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ ಬರುತ್ತದೆ, ಕೊಳವೆಬಾವಿ ಇದೆಯೇ, ಸಂಪ್, ಅಂದರೆ ನೆಲದಡಿಯ ನೀರಿನ ತೊಟ್ಟಿ, ಎಷ್ಟು ಲೀಟರಿನದು, ಎಷ್ಟು ಮನೆಗಳಿಗೆ ಅದೊಂದೇ ಎಂದು ಬಿಡಿಸಿ ಕೇಳಿ. ಆಮೇಲೆ ಕೆಳಗಿನ ಮನೆಯವರನ್ನು ಕೇಳಿ: “ಕಳೆದ ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ತರಿಸಿದಿರಿ?” 2024ರ ಬೇಸಿಗೆಯನ್ನು ಈ ಊರು ಮರೆತಿಲ್ಲ. ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರ ಮನಬಂದಂತೆ ಏರಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಆದರೆ ಬೀದಿಗೆ ಕೊಳವೆ ಬಂದಿದ್ದರೂ ಮಾಲೀಕರು ಹಣ ಕಟ್ಟಿ ಸಂಪರ್ಕ ತೆಗೆದುಕೊಂಡಿರದಿದ್ದರೆ ಆ ನೀರು ನಿಮ್ಮ ನಲ್ಲಿಗೆ ಬರುವುದಿಲ್ಲ. ಜಲಮಂಡಳಿಯ ಬಿಲ್ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಬಾಗಲಗುಂಟೆಯ ಒಂದು ಮನೆಯಲ್ಲಿ ನಾನು ನಲ್ಲಿ ತಿರುಗಿಸಿದಾಗ ನೀರು ಜೋರಾಗಿಯೇ ಬಂತು. ಪತಿಗೆ ಮನೆ ಹಿಡಿಸಿತ್ತು. ಹೊರಗಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದು, “ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಕಣಮ್ಮ, ಕುಕ್ಕರಿನಲ್ಲಿ ಏಳು ಸೀಟಿ ಕೂಗಿಸಬೇಕು” ಎಂದರು. ತಾವು ಕುಡಿಯುವ ಸ್ಟೀಲ್ ಚೊಂಬನ್ನು ತಂದು ತೋರಿಸಿದರು. ಒಳಗೆ ಸುಣ್ಣ ಬಳಿದಂತೆ ಬಿಳಿ ಪದರ. ಗಡಸು ನೀರೆಂದರೆ ಅದು. ಅಂಥ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಗೀಸರ್ ಬೇಗ ಕೆಡುತ್ತದೆ, ಚಿಕ್ಕ ಮಕ್ಕಳ ಚರ್ಮ ಒಣಗಿ ತುರಿಕೆಯಾಗಬಹುದು. ನಲ್ಲಿಯ ತುದಿ, ಬಚ್ಚಲಿನ ಟೈಲ್ಸ್, ಗೀಸರಿನ ಅಡಿಭಾಗ ನೋಡಿದರೆ ನಿಮಗೂ ತಿಳಿಯುತ್ತದೆ. ಕುಡಿಯುವ ನೀರಿಗೆ ಹತ್ತಿರದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಘಟಕ ಇದೆಯೇ ನೋಡಿ. ಇಪ್ಪತ್ತು ಲೀಟರಿನ ಕ್ಯಾನನ್ನು ಮೂರನೆಯ ಮಹಡಿಗೆ ಹೊರುವವರು ಯಾರು ಎಂಬುದನ್ನೂ ಯೋಚಿಸಿ.

ಬೆಳಕು, ಗಾಳಿ ಎರಡನೆಯದು. ಇಲ್ಲಿನ ಹೆಚ್ಚಿನ ಬಾಡಿಗೆ ಮನೆಗಳು ಇಪ್ಪತ್ತು–ಮೂವತ್ತು ಅಥವಾ ಮೂವತ್ತು–ನಲವತ್ತು ಅಡಿಯ ಸೈಟಿನಲ್ಲಿ ಮೂರು ನಾಲ್ಕು ಮಹಡಿ ಎಬ್ಬಿಸಿದ ಕಟ್ಟಡಗಳಲ್ಲಿರುತ್ತವೆ. ಎರಡು ಕಟ್ಟಡಗಳ ನಡುವೆ ಕೆಲವೊಮ್ಮೆ ಒಂದು ಅಡಿಯೂ ಇರುವುದಿಲ್ಲ. ಎಲ್ಲ ದೀಪ ಆರಿಸಿ, ಪ್ರತಿ ಕೋಣೆಯಲ್ಲೂ ನಿಂತು ನೋಡಿ. ಕಪಾಟಿನ ಬಾಗಿಲು ತೆರೆದು ಮೂಸಿ. ಬೂಷ್ಟಿನ ವಾಸನೆ ಬಂದರೆ ಮಳೆಗಾಲದಲ್ಲಿ ಮಗುವಿನ ಕೆಮ್ಮು ನಿಲ್ಲುವುದಿಲ್ಲ. ಹೊಸದಾಗಿ ಬಣ್ಣ ಬಳಿದ ಗೋಡೆಯ ಕೆಳಭಾಗವನ್ನು ಅಂಗೈಯಿಂದ ಮುಟ್ಟಿ, ತಣ್ಣಗೆ ಜಿಗುಟಾಗಿದ್ದರೆ ಒಳಗೆ ತೇವವಿದೆ. ಮೇಲಿನ ಮಹಡಿಯ ಮನೆಯಾದರೆ ತಾರಸಿಯ ಕೆಳಗಿನ ಮೂಲೆಗಳಲ್ಲಿ ಹಳದಿ ಕಲೆ ಹುಡುಕಿ. ತಗ್ಗಿನ ಪ್ರದೇಶವಾದರೆ ಮಳೆನೀರು ಹರಿಯುವ ರಾಜಕಾಲುವೆ ಎಷ್ಟು ದೂರ, ಮಳೆ ಬಂದಾಗ ಬೀದಿಯಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಅಂಗಡಿಯವರನ್ನು ಕೇಳಿ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಬೆಳ್ಳಂದೂರಿನ ಕಡೆ ಸಿರಿವಂತರ ಬಡಾವಣೆಗಳಿಗೂ ನೀರು ನುಗ್ಗಿತ್ತು. ಬಾಡಿಗೆ ಹೆಚ್ಚಿರುವುದು ರಕ್ಷಣೆಯಲ್ಲ.

ಇನ್ನು ಮಗುವಿನ ಕಣ್ಣಿನಿಂದ ನೋಡಿ. ನಾನಂತೂ ಮಗುವಿನಷ್ಟೇ ಎತ್ತರಕ್ಕೆ ಕುಳಿತುಕೊಂಡು ನೋಡುತ್ತೇನೆ. ಮೆಟ್ಟಿಲಿಗೆ, ಬಾಲ್ಕನಿಗೆ ಕಂಬಿ ಇದೆಯೇ, ಕಂಬಿಗಳ ನಡುವಿನ ಸಂದು ನಾಲ್ಕು ಇಂಚಿಗಿಂತ ಹೆಚ್ಚಿದೆಯೇ? ಒಂದು ಮನೆಯಲ್ಲಿ ನಾವು ಮಾತನಾಡುತ್ತಿದ್ದಾಗಲೇ ಮಗಳು ಮೆಟ್ಟಿಲ ಕಂಬಿಗಳ ನಡುವೆ ತಲೆ ತೂರಿಸಿ ಕೆಳಗೆ ನೋಡುತ್ತಿದ್ದಳು. ಆ ಕ್ಷಣಕ್ಕೇ ಅಲ್ಲಿಂದ ಹೊರಟೆವು. ತಾರಸಿಯ ಪ್ಯಾರಪೆಟ್ ಗೋಡೆ ಎಷ್ಟು ಎತ್ತರ, ತಾರಸಿಯ ಬಾಗಿಲಿಗೆ ಚಿಲಕ ಮೇಲಿದೆಯೇ? ಸಂಪಿನ ಮುಚ್ಚಳ ಗಟ್ಟಿಯಾಗಿದೆಯೇ, ಅದಕ್ಕೆ ಬೀಗ ಹಾಕುತ್ತಾರೆಯೇ? ವಾಹನ ನಿಲ್ಲಿಸುವ ಜಾಗದಲ್ಲೇ ಸಂಪ್ ಇರುತ್ತದೆ, ಮಕ್ಕಳು ಆಡುವುದೂ ಅಲ್ಲೇ. ಬಾಲ್ಕನಿಯಿಂದ ಕೈಗೆಟಕುವಷ್ಟು ಹತ್ತಿರ ವಿದ್ಯುತ್ ತಂತಿ ಹಾದುಹೋಗಿದ್ದರೆ, ಮಾಲೀಕರು ಏನೇ ಸಮಾಧಾನ ಹೇಳಲಿ, ಆ ಮನೆ ಬೇಡ. ಕಿಟಕಿಗೆ ಸೊಳ್ಳೆ ಪರದೆ ಇಲ್ಲದಿದ್ದರೆ ಹಾಕಿಸಿಕೊಡಲು ಕೇಳಿ. ಮನೆ ಸೇರುವ ಮೊದಲು ಕೇಳಿದರೆ ಮಾಡಿಕೊಡುತ್ತಾರೆ, ಆಮೇಲೆ ಅಷ್ಟು ಸುಲಭವಲ್ಲ.

ಏಳನೆಯ ಹೆಜ್ಜೆ: ಮಾಲೀಕರೊಂದಿಗೆ ಮಾತು

“ಎಷ್ಟು ಜನ? ಮಗು ಗೋಡೆಯ ಮೇಲೆ ಗೀಚುತ್ತದೆಯೇ? ಊರು ಯಾವುದು? ಯಾವ ಜನ? ಮಾಂಸ ತಿನ್ನುತ್ತೀರಾ?” ಈ ಪ್ರಶ್ನೆಗಳು ಬರುತ್ತವೆ. ಜಾತಿ, ಧರ್ಮ ಕೇಳಿ ಮನೆ ನಿರಾಕರಿಸುವುದು ಇಂದಿಗೂ ಈ ಊರಿನಲ್ಲಿ ನಡೆಯುತ್ತಿದೆ. ಅದು ನೋವಿನ ಸಂಗತಿ ಮತ್ತು ತಪ್ಪು. ಅಂಥ ಕಡೆ ಸುಳ್ಳು ಹೇಳಿ ಸೇರಬೇಡಿ ಎಂದು ನಾನು ಹೇಳುವುದು ಮಾಲೀಕರ ಮೇಲಿನ ಗೌರವದಿಂದಲ್ಲ. ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು, ಮಗುವಿಗೆ “ಆಚೆ ಹೇಳಬೇಡ” ಎಂದು ಕಲಿಸಿಕೊಂಡು ಬದುಕುವ ಮನೆ ನಿಮಗೆ ನೆಮ್ಮದಿ ಕೊಡುವುದಿಲ್ಲ. ಮಕ್ಕಳಿರುವ ಮಾಲೀಕರು, ಇಲ್ಲವೇ ಬೇರೆ ಬಡಾವಣೆಯಲ್ಲಿ ವಾಸಿಸುವ ಮಾಲೀಕರು ಸಾಮಾನ್ಯವಾಗಿ ಹೆಚ್ಚು ಸಡಿಲವಾಗಿರುತ್ತಾರೆ.

ಅಡ್ವಾನ್ಸ್ ವಿಚಾರಕ್ಕೆ ಬರೋಣ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರು ಬಹಳ ಇದ್ದಾರೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನಷ್ಟೇ ಮುಂಗಡವಾಗಿ ಪಡೆಯಬಹುದು ಎನ್ನುತ್ತದೆ. ಅದು ರಾಜ್ಯಗಳಿಗೆ ಮಾದರಿ, ತಾನಾಗಿಯೇ ಎಲ್ಲೆಡೆ ಜಾರಿಯಾಗುವ ಕಾನೂನಲ್ಲ. ಆದರೂ ಮಾತಿನ ನಡುವೆ ಅದನ್ನು ಪ್ರಸ್ತಾಪಿಸಬಹುದು. ನಾನು ಚೌಕಾಸಿ ಮಾಡುವಾಗ ಬಾಡಿಗೆಗಿಂತ ಮುಂಗಡವನ್ನೇ ಮೊದಲು ಇಳಿಸಲು ನೋಡುತ್ತೇನೆ. ಮಾಲೀಕರಿಗೆ ತಿಂಗಳ ಆದಾಯ ಕಡಿಮೆಯಾಗುವುದಿಲ್ಲ, ನಮಗೆ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಆಪತ್ತಿಗೆಂದು ಸ್ವಲ್ಪ ಹಣ ಉಳಿಯುತ್ತದೆ. ಮುಂಗಡವನ್ನು ನಗದಾಗಿ ಕೊಡಬೇಡಿ. ಬ್ಯಾಂಕಿನ ಮೂಲಕ, ಮಾಲೀಕರ ಹೆಸರಿನ ಖಾತೆಗೇ ಹಾಕಿ.

ಎಂಟನೆಯ ಹೆಜ್ಜೆ: ಕರಾರುಪತ್ರ

ಎಲ್ಲರೂ ಹನ್ನೊಂದು ತಿಂಗಳಿಗೇ ಏಕೆ ಕರಾರು ಮಾಡುತ್ತಾರೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು ಈ ಹನ್ನೊಂದು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಕರಾರಿಗೆ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿ.

ಅದರಲ್ಲಿ ಈ ಸಂಗತಿಗಳು ಸ್ಪಷ್ಟವಾಗಿ ಇರಲಿ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಶೇಕಡಾ ಐದೋ ಹತ್ತೋ? ಖಾಲಿ ಮಾಡಲು ಎಷ್ಟು ದಿನದ ನೋಟಿಸ್? ಶಾಲೆಗೆ ಹೋಗುವ ಮಗುವಿದ್ದರೆ ಎರಡು ತಿಂಗಳು ಇರಲಿ. ಕರಾರಿನಲ್ಲಿ ಏನೂ ಬರೆಯದಿದ್ದರೆ, ತಿಂಗಳ ಲೆಕ್ಕದ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯಡಿ ಹದಿನೈದೇ ದಿನ. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ? ಒಂದು ತಿಂಗಳ ಬಾಡಿಗೆ ಎಂಬುದು ರೂಢಿಯಾಗಿದೆ. ಒಂದು ವರ್ಷದೊಳಗೆ ಬಿಟ್ಟರೂ, ಐದು ವರ್ಷ ಇದ್ದರೂ ಅಷ್ಟೇ ಹಣವೇ ಎಂದು ಕೇಳಿ. ಮುಂಗಡ ವಾಪಸ್ ಕೊಡುವುದು ಬೀಗದ ಕೈ ಕೊಟ್ಟ ದಿನವೋ, ಹೊಸ ಬಾಡಿಗೆದಾರರು ಬಂದ ಮೇಲೋ? ಬೀಗದ ಕೈ ಕೊಟ್ಟ ದಿನವೇ ಎಂದು ಬರೆಸಿ. ನಲ್ಲಿ, ಮೋಟರ್, ಗೀಸರ್ ಕೆಟ್ಟರೆ ಯಾರ ಖರ್ಚು ಎಂಬುದೂ ಇರಲಿ.

ಕರಾರಿಗೆ ಸಹಿ ಹಾಕುವವರು ನಿಜವಾದ ಮಾಲೀಕರೇ ಎಂದು ನೋಡಿ. ಆಸ್ತಿ ತೆರಿಗೆ ರಸೀದಿ ಮತ್ತು ವಿದ್ಯುತ್ ಬಿಲ್ಲಿನಲ್ಲಿರುವ ಹೆಸರನ್ನು ಅವರ ಆಧಾರ್‌ನ ಹೆಸರಿನೊಂದಿಗೆ ತಾಳೆ ಹಾಕಿದರೆ ಸಾಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರಿಗೆ ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಬೇಕಾಗುತ್ತದೆ. ಕೊಡುತ್ತಾರೆಯೇ ಎಂದು ಸಹಿಗೆ ಮುನ್ನವೇ ಕೇಳಿ.

ಭೋಗ್ಯದ ಬಗ್ಗೆ ಎಚ್ಚರ

ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವ ಭೋಗ್ಯ, ಅಂದರೆ ಲೀಸ್, ಊರಲ್ಲಿ ಹೊಲ ಮಾರಿದ ಹಣವೋ ಭವಿಷ್ಯ ನಿಧಿಯ ಹಣವೋ ಕೈಯಲ್ಲಿರುವವರನ್ನು ಸೆಳೆಯುತ್ತದೆ. ಬಾಡಿಗೆಯ ಚಿಂತೆ ಇಲ್ಲ, ಕೊನೆಗೆ ಹಣ ಪೂರ್ತಿ ವಾಪಸ್. ಕೇಳಲು ಚೆನ್ನಾಗಿದೆ. ಆದರೆ ಮನೆಯನ್ನು ಮಾಲೀಕರು ಬ್ಯಾಂಕಿಗೆ ಅಡವಿಟ್ಟು, ಸಾಲ ತೀರಿಸದೆ, ಬ್ಯಾಂಕು ಬಂದು ಬೀಗ ಹಾಕಿದಾಗ ಭೋಗ್ಯದಾರರು ಬೀದಿಗೆ ಬಂದ ಪ್ರಕರಣಗಳು ಈ ಊರಿನಲ್ಲಿ ಆಗಿವೆ. ಮಧ್ಯವರ್ತಿಗಳು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಕುಟುಂಬಗಳಿಂದ ಲಕ್ಷಗಟ್ಟಲೆ ಭೋಗ್ಯದ ಹಣ ಪಡೆದು ಮಾಯವಾದದ್ದೂ ಇದೆ. ಭೋಗ್ಯವೇ ಬೇಕೆಂದರೆ ಮಾಲೀಕರೊಂದಿಗೆ ನೇರವಾಗಿ ಮಾಡಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಋಣಭಾರ ಪ್ರಮಾಣಪತ್ರ ತೆಗೆಸಿ, ವಕೀಲರಿಗೆ ತೋರಿಸಿ, ಕರಾರನ್ನು ನೋಂದಾಯಿಸಿ. ಇಷ್ಟಕ್ಕೆ ಮಾಲೀಕರು ಒಪ್ಪದಿದ್ದರೆ ಬಿಟ್ಟುಬಿಡಿ. ಜೀವಮಾನದ ಉಳಿತಾಯವನ್ನು ಬರೀ ನಂಬಿಕೆಯ ಮೇಲೆ ಕೊಡುವ ಧೈರ್ಯ ನನಗಂತೂ ಇಲ್ಲ.

ಮನೆ ಸೇರುವ ವಾರ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ. ಗೋಡೆಯ ಬಿರುಕು, ಒಡೆದ ಟೈಲ್ಸ್, ಬಾಗಿಲಿನ ಗೀರು ಎಲ್ಲವೂ ಬರಲಿ. ಅದನ್ನು ಅಂದೇ ಮಾಲೀಕರಿಗೆ ಕಳಿಸಿ. ವಿದ್ಯುತ್ ಮೀಟರಿನ ರೀಡಿಂಗ್‌ನ ಫೋಟೊ ತೆಗೆಯಿರಿ, ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ ಹಾಕಿ ಬೆಸ್ಕಾಂನ ಹಳೆಯ ಬಾಕಿ ಇದೆಯೇ ನೋಡಿ.

ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ನಿಮ್ಮ ಅರ್ಹ ಬಳಕೆಗೆ ಬಿಲ್ ಬರುವುದಿಲ್ಲ. ಹಿಂದಿದ್ದವರು ತಮ್ಮ ಆಧಾರ್ ಜೋಡಣೆಯನ್ನು ಆ ಮೀಟರಿನಿಂದ ತೆಗೆದರೆ ಮಾತ್ರ ನೀವು ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಈ ಕೆಲಸವನ್ನು ಅವರು ಊರು ಬಿಡುವ ಮೊದಲೇ ಮಾಡಿಸಿಕೊಳ್ಳಿ. ಎರಡು ಮೂರು ಮನೆಗಳಿಗೆ ಒಂದೇ ಮೀಟರ್ ಇದ್ದರೆ ಎಲ್ಲರ ಬಳಕೆ ಸೇರಿ 200 ದಾಟಬಹುದು, ಆಗ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಪ್ರತ್ಯೇಕ ಮೀಟರ್ ಇರುವ ಮನೆಗೆ ಮುನ್ನೂರು ನಾನ್ನೂರು ರೂಪಾಯಿ ಬಾಡಿಗೆ ಹೆಚ್ಚಾದರೂ ನಷ್ಟವಿಲ್ಲ.

ಪಡಿತರ ಚೀಟಿಯನ್ನು ತಕ್ಷಣ ವರ್ಗಾಯಿಸಬೇಕಾಗಿಲ್ಲ, ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಅಡುಗೆ ಅನಿಲದ ಸಂಪರ್ಕವನ್ನು ಊರಿನ ಏಜೆನ್ಸಿಯಲ್ಲಿ ವರ್ಗಾವಣೆಗೆ ಹಾಕಿ ಬನ್ನಿ. ಮಗುವಿನ ಲಸಿಕೆಗಳ ವಿವರವಿರುವ ‘ತಾಯಿ ಕಾರ್ಡ್’ ಅನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಿ. ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮುಂದಿನ ಲಸಿಕೆಯ ದಿನವನ್ನು ಬರೆಸಿಕೊಂಡು ಬನ್ನಿ.

ಮೊದಲ ದಿನ ಎಲ್ಲ ಪೆಟ್ಟಿಗೆಗಳನ್ನು ಬಿಚ್ಚಲು ಹೋಗಬೇಡಿ. ಹಾಲಿನ ಪಾತ್ರೆ, ಒಂದು ಕುಕ್ಕರ್, ಮಗುವಿನ ಹೊದಿಕೆ, ಅದರ ಆಟಿಕೆಯ ಚೀಲ ಇಷ್ಟನ್ನು ಬೇರೆಯಾಗಿ ಕಟ್ಟಿ ತನ್ನಿ. ಹಾಲು ಉಕ್ಕಿದ ಮೇಲೆ ಪಕ್ಕದ ಮನೆಗೆ ಒಂದು ಲೋಟ ಕೊಡಲು ಮಗುವನ್ನೇ ಜೊತೆಗೆ ಕರೆದುಕೊಂಡು ಹೋಗಿ. ಹೋದಾಗ ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಕಾವೇರಿ ನೀರು ಯಾವ ದಿನ ಬಿಡುತ್ತಾರೆ ಎಂದು ಕೇಳಿಕೊಂಡು ಬನ್ನಿ.